ಮಳೆಯಿರುಳಿನಲ್ಲಿ ಇಬ್ಬರು

ಮಳೆಯನ್ನು ನಾವು ಕಂಡಷ್ಟು ಸುಲಭವಾಗಿ ಕ್ಯಾಮೆರಾ ಕಾಣಲಾರದು. ನಮಗೆ ಅದರ ಸದ್ದಿದೆ, ಮಣ್ಣಿನ ವಾಸನೆಯಿದೆ, ಮೈಗೆ ತಾಗುವ ತಂಪಿದೆ. ಇವೆಲ್ಲ ಕೂಡಿ ಮನಸ್ಸಿನಲ್ಲಿ ಮಳೆಯಾಗುತ್ತದೆ. ಕ್ಯಾಮೆರಾಕ್ಕೆ ಇರುವುದು ಬೆಳಕೊಂದೇ. ಆದುದರಿಂದ ಮಳೆಯಿರುಳಿನಲ್ಲಿ ಒಂದೇ ಕೊಡೆಯಡಿ ನಿಂತ ಗಂಡುಹೆಣ್ಣುಗಳ ಚಿತ್ರ ತೆಗೆಯಹೊರಟವನು ಮೊದಲು ನಿರ್ಧರಿಸಬೇಕಾದದ್ದು, ಬೆಳಕು ಯಾವ ದಿಕ್ಕಿನಿಂದ ಬರಬೇಕೆಂಬುದನ್ನು.

ಕ್ಯಾಮೆರಾದ ನೆತ್ತಿಯ ಮೇಲೆಯೇ ಫ್ಲಾಶ್ ಕೂರಿಸಿದರೆ ಏನಾದೀತು? ದೂರ ಇಮ್ಮಡಿಯಾದರೆ ಬೆಳಕು ಕಾಲುಪಾಲಿಗೆ ಇಳಿಯುವುದೆಂಬುದು ಭೌತಶಾಸ್ತ್ರದ ನಿಯಮ. ಜೋಡಿ 4 ಮೀಟರ್ ದೂರದಲ್ಲಿದ್ದು, ಹನಿಯೊಂದು ಅರ್ಧ ಮೀಟರ್ ದೂರದಲ್ಲಿ ಬೀಳುತ್ತಿದ್ದರೆ, ಆ ಹನಿಗೆ ದೊರೆಯುವ ಬೆಳಕು ಅವರಿಗೆ ದೊರೆಯುವುದರ 64 ಪಟ್ಟು. ಚಿತ್ರದಲ್ಲಿ ಮಳೆಯಿರುವುದಿಲ್ಲ, ಸಿಡುಬಿನಂತೆ ಹರಡಿದ ಬಿಳಿಯ ಬೊಟ್ಟುಗಳು, ಅವುಗಳ ಹಿಂದೆ ಬೆಚ್ಚಿಬಿದ್ದ ಎರಡು ಮುಖಗಳು.

ಅದೇ ಫ್ಲಾಶನ್ನು ಬಿಡಿಸಿ, ಪ್ಲಾಸ್ಟಿಕ್ ಚೀಲ ತೊಡಿಸಿ, ಜೋಡಿಯ ಬೆನ್ನ ಹಿಂದೆ ಅವರ ಮೈಮರೆಯಲ್ಲಿ ನಿಲ್ಲಿಸಿ ನೋಡಿ. ರೇಡಿಯೋ ಸಂಕೇತದಿಂದ ಅದನ್ನು ಮಿಂಚಿಸುವ ಸಾಧನ ಇಂದು ಸಾಮಾನ್ಯ. ಪ್ರತಿ ಹನಿಯೂ ಒಂದು ಪುಟ್ಟ ಮಸೂರ. ಹಿಂದಿನಿಂದ ಬಂದ ಬೆಳಕನ್ನು ಬಾಗಿಸಿ ಮುಂದಕ್ಕೆ ಕಳುಹುತ್ತದೆ. ಕತ್ತಲೆಯ ಮುಂದೆ ಹನಿಗಳು ಹೊಳೆಯುತ್ತವೆ; ಕೊಡೆಯ ಅಂಚಿಗೆ, ಹೆಗಲಿಗೆ, ಹಾರುವ ಕೂದಲಿಗೆ ಬೆಳ್ಳಿಯ ಗೆರೆ ಮೂಡುತ್ತದೆ. ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಬೀದಿದೀಪದ ಬೆಳಕಿನಲ್ಲಿ ಸೆಕೆಂಡಿನ 1/60 ಭಾಗ ತೆರೆದ ಕ್ಯಾಮೆರಾಕ್ಕೆ ಅದು 15 ಸೆಂಟಿಮೀಟರಿನ ಗೆರೆ. ಶಕ್ತಿ ತಗ್ಗಿಸಿದ ಫ್ಲಾಶಿನ ಮಿಂಚು 1/10,000 ಭಾಗಕ್ಕೆ ಕಿರಿದಾದಾಗ, ಹನಿ ಒಂದು ಮಿಲಿಮೀಟರೂ ಸರಿಯದೆ ಮುತ್ತಾಗಿ ನಿಲ್ಲುತ್ತದೆ.

ಹಿಂಬೆಳಕಿನ ಈ ಮರ್ಮ ಸಿನಿಮಾದವರಿಗೆ ಹೊಸದಲ್ಲ. 1955ರ 'ಶ್ರೀ 420' ಚಿತ್ರದಲ್ಲಿ ರಾಜ್ ಕಪೂರ್, ನರ್ಗಿಸ್ ಒಂದೇ ಕೊಡೆ ಹಿಡಿದ ಮಳೆಯಿರುಳನ್ನು ನೆನೆಯಿರಿ. ರಾಧು ಕರ್ಮಾಕರರ ಛಾಯಾಗ್ರಹಣ ಅದು. ಅದಕ್ಕೂ ಮೊದಲು, 1930ರ ದಶಕದ ಆರಂಭದಲ್ಲಿ, ಬ್ರಾಸಾಯ್ ಎಂಬಾತ ಪ್ಯಾರಿಸ್ಸಿನ ಇರುಳುಗಳಲ್ಲಿ ಅಲೆದು ಪ್ರೇಮಿಗಳನ್ನು ಚಿತ್ರಿಸಿದ. ಮೆಗ್ನೀಸಿಯಂ ಪುಡಿ ಭುಗ್ಗೆಂದು ಉರಿದು ಹೊಗೆಯೇಳುತ್ತಿದ್ದ ಕಾಲ. ಕದ್ದು ತೆಗೆಯುವ ಮಾತೆಲ್ಲಿ? ಆ ಚಿತ್ರಗಳಲ್ಲಿ ಹಲವು, ಎದುರಿಗಿದ್ದವರ ಸಹಕಾರದಿಂದಲೇ ರೂಪುಗೊಂಡವು.

ಶ್ರೋತೃಗಳು ಯೋಚಿಸಬೇಕಾದ ಮಾತು ಇಲ್ಲಿದೆ. ನಮ್ಮ ಊರುಗಳಲ್ಲಿ ಇಬ್ಬರು ಒಲಿದವರು ನಿಂತು ಮಾತನಾಡಲು ಎಷ್ಟು ಜಾಗವಿದೆ? ಮನೆಯ ತುಂಬ ಜನ, ಉದ್ಯಾನದಲ್ಲಿ ಕಾವಲುಗಾರನ ಸೀಟಿ. ಕೊಡೆಯ ಕೆಳಗಿನ ಮೂರಡಿ ನೆಲ, ಸುತ್ತ ಮಳೆಯ ಗೋಡೆ: ಅಷ್ಟು ಹೊತ್ತಿಗೆ ಅದೇ ಅವರ ಮನೆ. ಎದುರಿನಿಂದ ಹೊಡೆದ ಫ್ಲಾಶ್ ಪೊಲೀಸರ ಟಾರ್ಚಿನಂತೆ ಆ ಮನೆಯೊಳಕ್ಕೆ ನುಗ್ಗುತ್ತದೆ. ಕೇಳದೆ ತೆಗೆದ ಚಿತ್ರ ಇಂದು ಕೈಯಲ್ಲಿರುವ ಫೋನಿನಿಂದ ಕ್ಷಣದಲ್ಲಿ ಊರೂರು ತಲುಪೀತು. ಹೆಣ್ಣೊಬ್ಬಳ ಓದು ನಿಂತೀತು, ಕೆಲವೊಮ್ಮೆ ಜೀವಕ್ಕೇ ಕುತ್ತು ಬಂದೀತು. ಆದುದರಿಂದ ಕ್ಯಾಮೆರಾ ಎತ್ತುವ ಮೊದಲು ಒಪ್ಪಿಗೆ ಕೇಳುವುದು ಈ ಕಲೆಯ ಮೊದಲ ಪಾಠ.

ಒಪ್ಪಿದವರಿಗೂ ಹಿಂಬೆಳಕು ಒಂದು ಸೌಜನ್ಯವನ್ನು ಉಳಿಸಿಕೊಡುತ್ತದೆ. ಇಬ್ಬರು ಇದ್ದರು, ಮಳೆ ಸುರಿಯುತ್ತಿತ್ತು, ಕೊಡೆ ಒಬ್ಬರ ಕಡೆಗೆ ತುಸು ಹೆಚ್ಚಾಗಿಯೇ ವಾಲಿತ್ತು ಎಂಬಷ್ಟನ್ನು ಅದು ಹೇಳುತ್ತದೆ. ಅವರು ಯಾರೆಂಬುದನ್ನು ಹೇಳುವ, ಹೇಳದಿರುವ ಹಕ್ಕು ಅವರದಾಗಿಯೇ ಉಳಿಯುತ್ತದೆ.

(ಬಾನುಲಿ ಭಾಷಣ)