ಮುತ್ತು ಕಟ್ಟಿದ ಮೇಲೆ ಬಂದವನು ಎಲ್ಲಿ?

(ಸಂತೆಕಲ್ಲೂರಿನಲ್ಲಿ ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ ದರದ ಮಾತು, ಸಂತೆಯ ಸುಂಕದ ಮಾತು ಕೇಳಲು ನೀವು ಬಂದಿದ್ದೀರಿ. ಅದನ್ನೂ ಆಡೋಣ. ಆದರೆ ಮೊದಲು, ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಒಂದು ಮಾತನ್ನು ಆಡಬೇಕಾಗಿದೆ. ನಮ್ಮ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟುವ ಮಾತು.

ಅದನ್ನು ಹರಕೆ ಎನ್ನುತ್ತಾರೆ, ಹಿರಿಯರು ನಡೆಸಿದ ಪದ್ಧತಿ ಎನ್ನುತ್ತಾರೆ. ಆಡುವ ವಯಸ್ಸಿನ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ, ಮದುವೆಯ ಹಕ್ಕನ್ನು ಕಸಿದು, ಹಣವಿದ್ದವನ ಕೈಗೆ ಒಪ್ಪಿಸುವುದು ಭಕ್ತಿಯೇ? ಅದು ಬಲಾತ್ಕಾರ. ಹುಡುಗಿ ಕೂಗಲಿಲ್ಲವೆಂದರೆ ಒಪ್ಪಿದಳೆಂದು ಅರ್ಥವಲ್ಲ. ಈ ಹುಡುಗಿಯರು ಯಾರ ಮನೆಯವರು? ಭೂಮಿಯಿಲ್ಲದ ದಲಿತರ ಮನೆಯವರು. ಸಾವುಕಾರರ ಮಗಳಿಗೆ ಮುತ್ತು ಕಟ್ಟಿದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?

ಕಾಯಿದೆ ಇಲ್ಲವೇ ಎಂದು ಕೇಳುವಿರಿ. ಇದೆ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಕಾಯಿದೆಗಳಾದವು. ನಮ್ಮ ರಾಯಚೂರು ಆಗ ನಿಜಾಮನ ಕೈಕೆಳಗಿತ್ತು. ಅವು ನಮ್ಮ ತನಕ ಬರಲಿಲ್ಲ. ಕರ್ನಾಟಕಕ್ಕೆಲ್ಲ ಒಂದೇ ಕಾಯಿದೆ 1982ರಲ್ಲಿ ಆಯಿತು, 1984ರಲ್ಲಿ ಜಾರಿಗೆ ಬಂತು. ಆ ಕಾಯಿದೆಯಲ್ಲಿ ಮುತ್ತು ಕಟ್ಟಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ 3 ವರ್ಷದವರೆಗೆ ಜೈಲು ಇತ್ತು. ತಂದೆ ತಾಯಿ, ಬಂಧುಗಳೇ ಮಾಡಿದರೆ 2 ವರ್ಷಕ್ಕೆ ಕಡಿಮೆಯಿಲ್ಲದೆ 5 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಇತ್ತು.

ಇದರ ಲೆಕ್ಕವನ್ನು ಗಮನವಿಟ್ಟು ನೋಡಿರಿ. ಹೆಚ್ಚಿನ ಶಿಕ್ಷೆ ಹೊಟ್ಟೆಗಿಲ್ಲದ ತಾಯಿಗೆ. ಮುತ್ತು ಕಟ್ಟಿದ ಮೇಲೆ ಆ ಗುಡಿಸಲಿಗೆ ಬರುವ ದೊಡ್ಡ ಮನುಷ್ಯನಿಗೆ ಅದರಲ್ಲಿ ಬೇರೆ ಕಲಮೇ ಇರಲಿಲ್ಲ. ಆದುದೇನು? ಗುಡಿಯ ಮುಂದೆ ನಡೆಯುತ್ತಿದ್ದುದು ಮನೆಯೊಳಗೆ, ರಾತ್ರಿ ಹೊತ್ತು ನಡೆಯತೊಡಗಿತು. ಸರ್ಕಾರದ 1993-94ರ ಗಣತಿಯಲ್ಲಿ 22,873 ಮಂದಿ ಸಿಕ್ಕರು. 2007-08ರಲ್ಲಿ ಮತ್ತೆ 23,787 ಮಂದಿ ಸಿಕ್ಕರು. ಒಟ್ಟು 46,660. ಇವರಲ್ಲಿ ಎಷ್ಟೋ ಮಂದಿ ಕಾಯಿದೆಗೆ ಮೊದಲೇ ಈ ಬಾಳಿಗೆ ಬಿದ್ದವರು. ಹಾಗಿದ್ದರೂ ಕಾಯಿದೆ ಬಂದು ಇಪ್ಪತ್ತು ವರ್ಷ ದಾಟಿದ ಮೇಲೂ ಅವರನ್ನು ಎಣಿಸುವ ಕೆಲಸವೇ ಮುಗಿದಿರಲಿಲ್ಲ!

ಈಗ ಕಾಯಿದೆಗೆ ಹಲ್ಲು ಬಂದಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ವರ್ಷ ತುಂಬದ ಹುಡುಗಿ ಮಗುವೇ. ಅವಳು ಒಪ್ಪಿದ್ದಳು ಎಂಬ ಮಾತು ನ್ಯಾಯಾಲಯದಲ್ಲಿ ನಡೆಯದು. 2019ರ ತಿದ್ದುಪಡಿಯಿಂದ ಮಗುವಿನ ಮೇಲೆ ಅತ್ಯಾಚಾರ ಮಾಡಿದವನಿಗೆ 10 ವರ್ಷಕ್ಕೆ ಕಡಿಮೆ ಶಿಕ್ಷೆಯಿಲ್ಲ. ಹುಡುಗಿ 16ರ ಒಳಗಿದ್ದರೆ 20 ವರ್ಷಕ್ಕೆ ಕಡಿಮೆಯಿಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ದೇವದಾಸಿಯರ ಬಗ್ಗೆ ಹೊಸ ಮಸೂದೆಯನ್ನು ಒಪ್ಪಿತು. ಈ ತಾಯಂದಿರ ಮಕ್ಕಳಿಗೆ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕನ್ನು, ತಂದೆಯ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಅದು ಕೊಟ್ಟಿದೆ. ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಜೈಲಿಗೆ ಹೆದರದವನು ಹೊಲದಲ್ಲಿ ಪಾಲು ಹೋಗುವುದೆಂದರೆ ಹೆದರುತ್ತಾನೆ!

ಇಲ್ಲಿಂದ ಮಸ್ಕಿ ದೂರವಿಲ್ಲ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬರುವವರೆಗೆ ನೂರಾರು ವರ್ಷ ಅದರ ಮುಂದೆಯೇ ಜನ ಓಡಾಡಿದರು, ಓದಿದವರಿರಲಿಲ್ಲ. ಕಾಯಿದೆಯೂ ಹಾಗೆಯೇ. ಅದನ್ನು ಓದಿ ಹೇಳುವವರು ಬೇಕು, ಸಾಕ್ಷಿ ನಿಲ್ಲುವವರು ಬೇಕು.

ಬೇರೆಯವರ ತಪ್ಪನ್ನು ಮಾತ್ರ ಹೇಳಿ ಹೋದರೆ ನ್ಯಾಯವಲ್ಲ. ನಾವು ಮಾಸ್ತರರಾಗಿದ್ದಾಗ ನಮ್ಮ ತರಗತಿಯ ಹುಡುಗಿಯೊಬ್ಬಳು ಭಾರತ ಹುಣ್ಣಿಮೆಯ ನಂತರ ಶಾಲೆಗೆ ಬರಲಿಲ್ಲ. ಲೆಕ್ಕದಲ್ಲಿ ಜಾಣೆ. ಏನಾಯಿತೆಂದು ನಮಗೆ ಗೊತ್ತಿತ್ತು. ಪೋಕ್ಸೊ ಕಾಯಿದೆಯೂ ಆಗಲೇ ಬಂದಿತ್ತು. ನಾವು ಮಾಡಿದ್ದೇನು? ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ದೀರ್ಘ ಗೈರುಹಾಜರಿ’ ಎಂದು ಬರೆದು ಕೆಂಪು ಗೆರೆ ಎಳೆದೆವು. ಊರಿನವರ ನಿಷ್ಠುರ ಏಕೆ ಎಂದುಕೊಂಡೆವು. ಆ ಗೆರೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇಂತಹ ಅಪರಾಧ ನಡೆದುದು ಗೊತ್ತಿದ್ದು ತಿಳಿಸದವನಿಗೂ ಅದೇ ಕಾಯಿದೆಯಲ್ಲಿ 6 ತಿಂಗಳವರೆಗೆ ಶಿಕ್ಷೆಯಿದೆ. ನಡೆಯಬಹುದೆಂಬ ಅನುಮಾನ ಬಂದರೂ ಪೊಲೀಸರಿಗೆ ತಿಳಿಸಬೇಕು. ಅಂಗಡಿಯ ಅಣ್ಣಂದಿರೇ, ಯಾರ ಮನೆಗೆ ಸೀರೆ, ಬಳೆ, ಕಾಯಿ ಉದ್ದರಿ ಹೋಯಿತೆಂದು ನಿಮಗೇ ಮೊದಲು ಗೊತ್ತಾಗುತ್ತದೆ. ಹಮಾಲರೇ, ಡ್ರೈವರರೇ, ಜಾತ್ರೆಗೆ ಯಾರನ್ನು ಏತಕ್ಕೆ ಕರೆದೊಯ್ದರೆಂದು ನಿಮಗೆ ಗೊತ್ತಾಗುತ್ತದೆ. ಮಕ್ಕಳ ಸಹಾಯವಾಣಿ 1098, ಪೊಲೀಸಿಗೆ 112. ಒಂದು ಫೋನು ಮಾಡಲು ರೊಕ್ಕ ಬೇಕಾಗಿಲ್ಲ.

‘ನಾಳೆ ಅದೇ ಧಣಿಯ ಮಿಲ್ಲಿನಲ್ಲಿ ಕೆಲಸ ಕೇಳಬೇಕಲ್ಲ’ ಎನ್ನುವಿರಿ. ನಿಜ. ಒಬ್ಬನೇ ಹೋದರೆ ಕೆಲಸ ಹೋದೀತು. ಐವತ್ತು ಮಂದಿ ಸಹಿ ಹಾಕಿ ಒಟ್ಟಿಗೆ ಹೋದರೆ ಯಾರನ್ನು ಬಿಡಿಸುತ್ತಾನೆ? ಕೂಲಿ ಹೆಚ್ಚಿಸಿಕೊಂಡದ್ದು ಹೀಗೆಯೇ ಅಲ್ಲವೇ?

ತಾಯಿಯನ್ನು ಹಿಡಿದುಕೊಟ್ಟು ಸುಮ್ಮನಾಗುವುದು ನಮ್ಮ ಕೆಲಸವಲ್ಲ. ಮುತ್ತು ಕಟ್ಟುವ ಮೊದಲೇ ಅವಳ ಮನೆಗೆ ಹೋಗಬೇಕು. ಸಾಲವಿದ್ದರೆ ಕೂಡಿ ದಾರಿ ಹುಡುಕಬೇಕು. ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಬೇಕು. ಈ ಬಾಳನ್ನು ಬಿಟ್ಟು ಬಂದ ತಾಯಂದಿರಿಗೆ ಮಾಸಾಶನದ ಜೊತೆಗೆ ಭೂಮಿ, ಮನೆ ಕೇಳಿ ಕಚೇರಿಯ ಮುಂದೆ ಅವರ ಸಂಗಡ ಕೂಡಬೇಕು. ಅವರ ಮಕ್ಕಳು ಪಾಲು ಕೇಳಿ ಅರ್ಜಿ ಹಾಕಿದ ದಿನ ಸಾಕ್ಷಿಗೆ ನಾವು ಹೋಗಬೇಕು.

ಭಾರತ ಹುಣ್ಣಿಮೆ ವರ್ಷವರ್ಷವೂ ಬರುತ್ತದೆ. ಮುಂದಿನ ಹುಣ್ಣಿಮೆಗೆ ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿನ ಮೇಲೂ ಕೆಂಪು ಗೆರೆ ಬೀಳಬಾರದು. ಇದಕ್ಕೆ ಒಪ್ಪುವವರು ಈಗಲೇ ಹೆಸರು ಕೊಡಿರಿ. ಆಮೇಲೆ ಕೂಲಿಯ ಮಾತು ಆಡೋಣ.