ಗಣಕಯಂತ್ರದಲ್ಲಿ ಚಿತ್ರ, ಆಟ ಮತ್ತು ನಮ್ಮ ಕನ್ನಡ

(ನಾಸಿಕದಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಮಾತನಾಡಲು ಅಪ್ಪಣೆ ಮಾಡಿದಾಗ, ಎಲ್ಲೋರದ ಕೈಲಾಸವನ್ನು ಕುರಿತೋ ದೇವಗಿರಿಯ ಯಾದವರ ಕನ್ನಡ ಶಾಸನಗಳನ್ನು ಕುರಿತೋ ನಾಲ್ಕು ಮಾತು ಹೇಳಿಯಾನೆಂದು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ಆರಿಸಿಕೊಂಡುದು ಗಣಕಯಂತ್ರದ ವಿಷಯ. ಅದರಲ್ಲಿಯೂ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಚಿತ್ರ ಬರೆಯುವ, ಪುಟ ಕಟ್ಟುವ, ಆಟವಾಡುವ ಸಾಧನಗಳ ವಿಷಯ. ರಾಜ್ಯೋತ್ಸವಕ್ಕೂ ಇದಕ್ಕೂ ಎತ್ತಣ ನಂಟು ಎಂದು ಹುಬ್ಬೇರಿಸಿದವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಹೋದ ವರ್ಷದ ಮಾತು. ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಅವರ ಮಗ ಸಂಭಾಜಿನಗರದಿಂದ ಫೋನು ಮಾಡಿದ. “ಕಾಕಾ, ಅಪ್ಪ 2008ರ ಸಂಚಿಕೀಗೆ ಬರೆದದ್ದು ನಿಮ್ಮ ಹತ್ರ ಐತೇನ್ರಿ? ಮಕ್ಕಳಿಗೆ ಓದಿ ಹೇಳಬೇಕಂತೀನಿ” ಎಂದ. ಸಂಘದಲ್ಲಿ ಅಚ್ಚಾದ ಪ್ರತಿ ಒಂದೇ ಉಳಿದಿತ್ತು. ಅದರ ನಡುವಣ ಹಾಳೆಗಳು ಗೆದ್ದಲಿನ ಪಾಲಾಗಿದ್ದವು. ಕಪಾಟಿನಲ್ಲಿ ಸಿ.ಡಿ. ಸಿಕ್ಕಿತೆಂದು ಹಿಗ್ಗಿದೆವು. ತೆರೆದು ನೋಡಿದರೆ ಅದರಲ್ಲಿ ಕನ್ನಡವೇ ಇಲ್ಲ! ‘ಕನ್ನಡ’ ಎಂಬ ಪದವಿರಬೇಕಾದ ಕಡೆ ಇಂಗ್ಲಿಷಿನ ಪೀ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಒಂದು ಕ್ಯೂ, ಹೀಗೆ ಯಾವುದೋ ಸಂತೆ ನೆರೆದಿತ್ತು.

ಆದುದೇನೆಂದರೆ, ಆ ಕಾಲದ ಅಕ್ಷರಶೈಲಿಗಳು, ಎಂದರೆ ಫಾಂಟುಗಳು, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟು ಇದ್ದರೆ ಕಣ್ಣಿಗೆ ಕನ್ನಡ; ಇಲ್ಲವಾದರೆ ಪೌಂಡು, ಕ್ಯೂ. ಯಂತ್ರದ ಲೆಕ್ಕದಲ್ಲಿ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಇಂಥ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಂಟು. ಲೇಖನದ ಮೊದಲರ್ಧ ಹಾಗೆ ಉಳಿಯಿತು. ಎರಡನೆಯ ಅರ್ಧ ಪುಟ ಕಟ್ಟಿದ ಕಡತದೊಳಗೆ ಸಿಕ್ಕಿಕೊಂಡಿತ್ತು; ಆ ಕಡತವನ್ನು ತೆರೆಯಬಲ್ಲ ತಂತ್ರಾಂಶ ಈಗ ಮಾರಾಟಕ್ಕೇ ಇಲ್ಲ. ಎಲ್ಲೋರದ ದಶಾವತಾರ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಕುಲದ ಶಾಸನವನ್ನು ಸಾವಿರದ ಇನ್ನೂರು ವರ್ಷಗಳ ಮೇಲೂ ವಿದ್ವಾಂಸರು ಓದುತ್ತಾರೆ. ನಾವು ಹದಿನೇಳು ವರ್ಷದ ಹಿಂದೆ ಬರೆದುದನ್ನು ನಾವೇ ಓದಲಾರೆವು. ನನಗೆ ನಾಚಿಕೆಯಾಯಿತು.

ಅದು ಕಳೆದುಹೋದ ಕಾಲದ ತಪ್ಪೆಂದು ಸುಮ್ಮನಿರುವಂತೆಯೂ ಇಲ್ಲ. ಈಚಿನವರೆಗೂ ನಾವು ಸಂಚಿಕೆಯನ್ನು ಜೋಡಿಸಲು ಕೊಡುತ್ತಿದ್ದ ಅಂಗಡಿಯಲ್ಲಿ ಹಳೆಯ ಪದ್ಧತಿಯೇ ನಡೆದಿತ್ತು. ಯೂನಿಕೋಡಿನಲ್ಲಿ ಕೊಟ್ಟರೆ ಅವರ ಹಳೆಯ ತಂತ್ರಾಂಶದಲ್ಲಿ ಒತ್ತುಗಳು ಕಳಚಿ ಬೀಳುತ್ತಿದ್ದವು.

ಕನ್ನಡದ ಲಿಪಿ ಸುಲಭದ್ದಲ್ಲ ನೋಡಿ. ‘ಸ್ತ್ರೀ’ ಎಂದು ಬರೆದರೆ ಯಂತ್ರದೊಳಗೆ ಆರು ಸಂಕೇತಗಳು ಸಾಲಾಗಿ ನಿಲ್ಲುತ್ತವೆ: ಸಕಾರ, ವಿರಾಮ, ತಕಾರ, ಮತ್ತೊಂದು ವಿರಾಮ, ರಕಾರ, ದೀರ್ಘ ಈಕಾರದ ಗುಣಿತ. ಕೊನೆಯಲ್ಲಿ ಬರುವ ಗುಣಿತ ಮೊದಲಿನ ಸಕಾರದ ತಲೆಗೆ ಏರಬೇಕು. ಉಳಿದವೆರಡೂ ಒತ್ತಾಗಿ ಇಳಿಯಬೇಕು. ‘ಸೂರ್ಯ’ದಲ್ಲಿ ಮೊದಲು ಹೊಡೆದ ರಕಾರ ಅರ್ಕಾವೊತ್ತಾಗಿ ಯಕಾರದ ಹಿಂದೆ ಹೋಗಬೇಕು. ಈ ಜೋಡಣೆಯನ್ನು ಮಾಡುವ ಮುಕ್ತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಪಾರಸಿ ಮಾತು, ‘ಹರ್ಫ್’ ಎಂದರೆ ಅಕ್ಷರವೆಂದು ಸಂಭಾಜಿನಗರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಲಿನಕ್ಸಿನ ಚಿತ್ರಸಾಧನಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿಕೊಂಡಿರುವುದರಿಂದ ಒಂದರಲ್ಲಿ ನೆಟ್ಟಗೆ ಕಂಡ ಕನ್ನಡ ಮತ್ತೊಂದರಲ್ಲಿಯೂ ನೆಟ್ಟಗೆ ಕಾಣುತ್ತದೆ.

ನಮ್ಮ ಕಚೇರಿಯ ಹಳೆಯ ಯಂತ್ರಕ್ಕೆ ಮರುಜನ್ಮ ಬಂದುದೂ ಈ ನೆಪದಿಂದಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಏರಲು ನಮ್ಮ ಯಂತ್ರಕ್ಕೆ ಅರ್ಹತೆ ಇರಲಿಲ್ಲ. ಗುಜರಿಗೆ ಹಾಕುವುದೆಂದು ಸಮಿತಿ ತೀರ್ಮಾನಿಸುವ ಮೊದಲು ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿ ನೋಡಿದೆವು. ಕಾಸು ಖರ್ಚಾಗಲಿಲ್ಲ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕೀಲಿಮಣೆಯ ಭಯವೂ ಬೇಡ, ಕೆ.ಪಿ. ರಾಯರ ವಿನ್ಯಾಸವೇ ಇಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಸಿದ್ಧವಾಗಿದೆ. ಆ ರಾಯರೂ ನಮ್ಮ ಹಾಗೆ ಮಹಾರಾಷ್ಟ್ರದ ನೀರು ಕುಡಿದವರೇ, ಮುಂಬಯಿಯಲ್ಲಿ ದುಡಿದವರು.

ಸಾಧನಗಳನ್ನೆಲ್ಲ ಎಣಿಸುತ್ತ ಹೋದರೆ ಊಟಕ್ಕೆ ತಡವಾದೀತು. ಎರಡನ್ನು ಮಾತ್ರ ತಿಳಿಸುತ್ತೇನೆ. ಗಿಂಪ್ ಎಂಬುದು 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಕೆಲಸ. ಅದರ ಚಿತ್ರ ನಮ್ಮ ಧಾರವಾಡದ ಕಸೂತಿಯಂತೆ: ಎಳೆ ಎಣಿಸಿ ಹಾಕಿದ ಹೊಲಿಗೆ. ಹಿಗ್ಗಿಸಿದರೆ ಹೊಲಿಗೆಗಳು ಒಡೆದು ಕಾಣುತ್ತವೆ. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ರಂಗೋಲಿಯಂತೆ: ಚುಕ್ಕಿಗಳು ಎಲ್ಲಿ, ಗೆರೆ ಯಾವ ಕಡೆ ಬಾಗಬೇಕು ಎಂಬ ನೇಮವನ್ನು ಮಾತ್ರ ನೆನಪಿಡುತ್ತದೆ. ಅಂಗೈಯಗಲ ಬರೆದುದನ್ನು ಅಂಗಳದಗಲ ಮಾಡಿದರೂ ಗೆರೆ ಹರಿತವಾಗಿಯೇ ಇರುತ್ತದೆ. ಈ ಸಲದ ಮುಖಪುಟದಲ್ಲಿ ತಾವು ಕಂಡ ನವಿಲಿನ ಅಂಚನ್ನು ನಮ್ಮ ಜಿಲ್ಲೆಯ ಯೇವಲಾದ ಪೈಠಣಿ ಸೀರೆಯ ಸೆರಗನ್ನು ನೋಡಿ ಬರೆದುದು. ಒಂದೇ ನವಿಲನ್ನು ಬರೆದು, ಉಳಿದವನ್ನು ಇಂಕ್‌ಸ್ಕೇಪಿನ ಪಡಿಯಚ್ಚುಗಳಾಗಿ ಸಾಲಿಟ್ಟೆವು. ಮೊದಲ ನವಿಲಿನ ಕೊಕ್ಕು ತಿದ್ದಿದರೆ ಸಾಲೆಲ್ಲ ತಾನೇ ತಿದ್ದಿಕೊಳ್ಳುತ್ತದೆ! ತಲೆಬರಹಕ್ಕೆ ಬಳಸಿದ ಬಲೂ ತಮ್ಮ ಎಂಬ ಗುಂಡುಗುಂಡಾದ ಅಕ್ಷರ ಮುಂಬಯಿಯ ಏಕ್ ಟೈಪ್ ಬಳಗದ್ದು, ಅದೂ ಮುಕ್ತವಾದುದು.

ಇದರಲ್ಲಿ ಕುಂದಿಲ್ಲವೆನ್ನಲಾರೆ. ಅಚ್ಚಿನ ಮನೆಯವರಿಗೆ ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕ ಬೇಕು. ಗಿಂಪ್ ಮೂಲತಃ ಪರದೆಯ ಮೂರು ಬಣ್ಣಗಳದು. 2025ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿಯೂ ಇದು ಪೂರ್ತಿ ನೀಗಿಲ್ಲ. ಆದುದರಿಂದ ಪುಟಗಳನ್ನು ಸ್ಕ್ರೈಬಸ್ಸಿನಲ್ಲಿ ಕಟ್ಟಿ ಅಲ್ಲಿಂದ ನಾಲ್ಕು ಶಾಯಿಯ ಪಿ.ಡಿ.ಎಫ್. ತೆಗೆದೆವು. ಅದರ 1.6ನೆಯ ಆವೃತ್ತಿ 2024ರ ಜನವರಿಯಲ್ಲಿ ಹೊರಬಂದ ಮೇಲೆ ಒತ್ತಕ್ಷರದ ಕಾಟ ತಪ್ಪಿದೆ. ಕಲಿಯಲು ನಮಗೆ ಮೂರು ವಾರ ಹಿಡಿಯಿತು. ಎರಡು ಸಲ ನಾನು ಕೈಚೆಲ್ಲಿ ಕುಳಿತದ್ದೂ ಉಂಟು.

ಚಲಿಸುವ ಚಿತ್ರಗಳ ಮಾತಿಗೆ ಬಂದರೆ ನಾಸಿಕದವರಿಗೆ ಒಂದು ಹಕ್ಕಿದೆ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದ ದಾದಾಸಾಹೇಬ ಫಾಲ್ಕೆಯವರು ಹುಟ್ಟಿದ್ದು ಇಲ್ಲಿಯೇ ತ್ರ್ಯಂಬಕದಲ್ಲಿ. ಚಲನಚಿತ್ರಕ್ಕೆ ಬರುವ ಮೊದಲು ಅವರು ಛಾಯಾಚಿತ್ರ, ಮುದ್ರಣಗಳಲ್ಲಿ ಕೈ ಪಳಗಿಸಿಕೊಂಡವರು. ಈಗಿನ ಫಾಲ್ಕೆಗಳಿಗೆ ಬ್ಲೆಂಡರ್ ಇದೆ. ಅದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿದಾಗ, ಅದರ ಕರ್ತೃ ಟೋನ್ ರೋಸೆಂಡಾಲ್ ಒಂದು ಲಕ್ಷ ಯೂರೋ ವಂತಿಗೆ ಎತ್ತಿ ಅದನ್ನು ಬಿಡಿಸಿಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ವಂತಿಗೆ ಕೂಡಲು ಹಿಡಿದುದು ಏಳೇ ವಾರ. ನಮ್ಮ ಕಟ್ಟಡ ನಿಧಿಯವರು ಕಿವಿಗೊಡಬೇಕು. ಆ ಸಾಧನದಲ್ಲಿಯೇ ಲಾಟ್ವಿಯಾ ದೇಶದ ‘ಫ್ಲೋ’ ಎಂಬ ಬೆಕ್ಕಿನ ಕಥೆ ಸಿದ್ಧವಾಗಿ 2025ರಲ್ಲಿ ಆಸ್ಕರ್ ಪಡೆಯಿತು. ಫಾಲ್ಕೆಯವರ ಚಿತ್ರದಂತೆ ಅದರಲ್ಲಿಯೂ ಮಾತಿಲ್ಲ. ಲಾಟ್ವಿಯಾದ ಒಟ್ಟು ಜನ ಇಪ್ಪತ್ತು ಲಕ್ಷಕ್ಕೂ ಕಡಮೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ನಾಲ್ಕು ಕೋಟಿಗೆ ಮೇಲು. ನಮ್ಮ ಹಳೆಯ ಯಂತ್ರದಲ್ಲಿ ಮಾತ್ರ ಬ್ಲೆಂಡರ್ ಏದುಸಿರು ಬಿಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಆಟದ ವಿಷಯ ಹುಡುಗರು ಕೇಳದೆ ಬಿಡರು. ಬೇರೆ ವ್ಯವಸ್ಥೆಗೆಂದು ಮಾಡಿದ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ಯತ್ನ 1993ರಷ್ಟು ಹಳೆಯದು. ಅದರ ಮೇಲೆ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಕಟ್ಟಿದ ಮೇಲೆ ಸಾವಿರಾರು ಆಟಗಳು ಓಡುತ್ತಿವೆ. ಆದರೆ ಮೋಸಗಾರಿಕೆ ತಡೆಯುವ ಕಾವಲು ತಂತ್ರಾಂಶವುಳ್ಳ ಕೆಲವು ಹೆಸರಾಂತ ಪಂದ್ಯದ ಆಟಗಳು ಇಲ್ಲಿ ತೆರೆಯುವುದೇ ಇಲ್ಲ. ಈ ಮಾತು ಕೇಳಿ ನನ್ನ ಮೊಮ್ಮಗ ಲಿನಕ್ಸಿಗೆ ಬೆನ್ನು ತಿರುಗಿಸಿದ. ನನ್ನ ತಂಗಿಯ ಮಗಳು ಬೇರೆ ದಾರಿ ಹಿಡಿದಳು. ಸಂಭಾಜಿನಗರದಲ್ಲಿ ಮರಾಠಿ, ಇಂಗ್ಲಿಷ್‌ಗಳಲ್ಲಿಯೇ ಓದಿದ ಹುಡುಗಿ. ಗೋಡೋ ಎಂಬ ಮುಕ್ತ ಸಾಧನದಲ್ಲಿ ತನ್ನ ಅಜ್ಜಿಯ ಅಳಗುಳಿ ಮಣೆಯನ್ನು ಆಟವಾಗಿ ಮಾಡಿದಳು. 2023ರ ನಾಲ್ಕನೆಯ ಆವೃತ್ತಿಯಿಂದ ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಗುಂಡಿ ಬರಿದಾದಾಗ ಏನೆಂದು ಬರೆಯಬೇಕೆಂದು ಅಜ್ಜಿಯನ್ನು ಕೇಳಿದಳಂತೆ. ಅಜ್ಜಿ ಹೇಳಿದ ಮಾತನ್ನು ಬರೆಯಲು ಎಂಟು ದಿನದಲ್ಲಿ ಕನ್ನಡ ಅಕ್ಷರ ಕಲಿತಳು. ನಮ್ಮ ಭಾನುವಾರದ ಕನ್ನಡ ತರಗತಿ ಎರಡು ವರ್ಷದಲ್ಲಿ ಅವಳಿಗೆ ಇಷ್ಟು ಕಲಿಸಿರಲಿಲ್ಲವೆಂದು, ಆ ತರಗತಿಯ ಮೇಷ್ಟರಾದ ನಾನೇ ಒಪ್ಪಿಕೊಳ್ಳಬೇಕಾಗಿದೆ.

ಈ ಸಂಚಿಕೆಯ ಬರಹ, ಚಿತ್ರ, ಪುಟಗಳ ಮೂಲ ಕಡತಗಳನ್ನು ಮೂರು ಪ್ರತಿ ಮಾಡಿ ಒಂದನ್ನು ಇಲ್ಲಿ, ಒಂದನ್ನು ಸಂಭಾಜಿನಗರದಲ್ಲಿ, ಒಂದನ್ನು ಅಧ್ಯಕ್ಷರ ಮನೆಯಲ್ಲಿ ಇಟ್ಟಿದ್ದೇವೆ. ಹಿರಿಯರ ಆ ಲೇಖನದ ಎರಡನೆಯ ಅರ್ಧ ಮಾತ್ರ ಇನ್ನೂ ಸಿಕ್ಕಿಲ್ಲ. 2008ರ ಸಂಚಿಕೆ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ದಯಮಾಡಿ ತಂದುಕೊಡಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಕಚೇರಿ ತೆರೆದಿರುತ್ತದೆ. ಟೈಪು ಮಾಡಲು ಇಬ್ಬರು ಸಿದ್ಧರಿದ್ದಾರೆ.