ಸ್ವಿಚ್ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು?

ಇವತ್ತಿನ ಮಾತು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಸಣ್ಣ ಕಂಪನಿ ನಡೆಸೋರಿಗೆ, ಅಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋರಿಗೆ. ಒಂದೇ ಪ್ರಶ್ನೆ: ನಿಮ್ಮ ನೆಟ್‌ವರ್ಕ್ ಸ್ವಿಚ್‌ನ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು?

ಸಿಎನ್‌ಸಿ ಮಷೀನು, ಸಿಸಿಟಿವಿ, ಬಯೋಮೆಟ್ರಿಕ್, ಟ್ಯಾಲಿ ಕಂಪ್ಯೂಟರ್, ಎಲ್ಲದರ ಕೇಬಲ್ಲೂ ಬಂದು ಸೇರೋದು ಆ ಸ್ವಿಚ್‌ಗೇ. ಆದ್ರೆ ಬಹಳ ಕಡೆ ಅದಕ್ಕೆ 'ಅಡ್ಮಿನ್' ಅಂತ ಒಂದೇ ಲಾಗಿನ್. ಹಾಕಿಕೊಟ್ಟ ವೆಂಡರ್‌ಗೆ ಗೊತ್ತು, ಎಎಂಸಿ ಹುಡುಗನಿಗೆ ಗೊತ್ತು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರಿಗೂ ಗೊತ್ತು. ನಾನು ಓದಿದ್ದು ಬಿ.ಕಾಂ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಸಹಿ ಇಲ್ಲದ ವೋಚರ್. ದುಡ್ಡು ಹೋಗಿದ್ದು ಕಾಣುತ್ತೆ, ತಗೊಂಡವರು ಕಾಣಲ್ಲ.

ಇದಕ್ಕೆ ಇರೋ ದಾರಿ ರೇಡಿಯಸ್ ಸರ್ವರ್. 1991ರಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಕಂಪನಿ ಡಯಲ್-ಅಪ್ ಕಾಲಕ್ಕೆ ಮಾಡಿದ್ದು, ಇವತ್ತಿಗೂ ನಡೀತಿದೆ. ಫ್ರೀರೇಡಿಯಸ್ ತಂತ್ರಾಂಶಕ್ಕೆ ದುಡ್ಡೂ ಕೊಡಬೇಕಿಲ್ಲ. ಪ್ರತಿಯೊಬ್ಬರಿಗೂ ಅವರವರ ಹೆಸರಲ್ಲಿ ಲಾಗಿನ್. ಯಾರಾದ್ರೂ ಲಾಗಿನ್ ಆದ್ರೆ ಸ್ವಿಚ್ ಈ ಸರ್ವರನ್ನ ಕೇಳುತ್ತೆ: ಇವರು ಯಾರು, ಎಷ್ಟು ಅಧಿಕಾರ ಇದೆ? ಬಂದಿದ್ದು ಹೋಗಿದ್ದನ್ನ ಬರೆಸುತ್ತೆ ಕೂಡ. ಆ ಕೊನೇ ಕೆಲಸದ ಹೆಸರೇ 'ಅಕೌಂಟಿಂಗ್'! ಯಾರಾದ್ರೂ ಕೆಲಸ ಬಿಟ್ರೆ ಸರ್ವರ್‌ನಲ್ಲಿ ಒಂದು ಹೆಸರು ತೆಗೆದ್ರೆ ಮುಗೀತು.

ಸೆಟ್ಟಿಂಗ್ ಜಾಸ್ತಿ ಇಲ್ಲ. ಸ್ವಿಚ್‌ನಲ್ಲಿ ಸರ್ವರ್‌ನ ಐಪಿ, ಲಾಗಿನ್‌ಗೆ ಪೋರ್ಟ್ 1812, ಅಕೌಂಟಿಂಗ್‌ಗೆ 1813, ಜೊತೆಗೆ ಒಂದು ಗುಟ್ಟಿನ ಕೀ. ಸರ್ವರ್‌ನಲ್ಲಿ ಸ್ವಿಚ್‌ನ ಐಪಿ, ಅದೇ ಕೀ. ಹಳೇ ಸ್ವಿಚ್‌ಗಳಲ್ಲಿ ಪೋರ್ಟ್ 1645, 1646 ಇರಬಹುದು. ಎರಡೂ ಕಡೆ ಹೊಂದದೇ ಇದ್ರೆ ಉತ್ತರವೇ ಬರಲ್ಲ.

ಜನ ಎಡವೋದು ಇಲ್ಲಿ. ಕರೆಂಟ್ ಹೋಗಿ ಸರ್ವರ್ ಮಲಗಿದ್ರೆ ಒಳಗೆ ಹೋಗೋದು ಹೇಗೆ? ಅದಕ್ಕೆ ಮೊದಲು ರೇಡಿಯಸ್, ಆಮೇಲೆ ಲೋಕಲ್ ಅಂತ ಕ್ರಮ ಇಡಬೇಕು. ಸಾಮಾನ್ಯವಾಗಿ ಸರ್ವರ್ ಉತ್ತರ ಕೊಡದೇ ಇದ್ದಾಗ ಮಾತ್ರ ಸ್ವಿಚ್ ಲೋಕಲ್ ಖಾತೆ ನೋಡುತ್ತೆ. ಸರ್ವರ್ 'ಬೇಡ' ಅಂದ್ರೆ ಅಲ್ಲಿಗೇ ಮುಗೀತು. ಆ ಲೋಕಲ್ ಪಾಸ್‌ವರ್ಡ್ ಲಕೋಟೆಲಿ ಹಾಕಿ, ಅಂಟಿಸಿ, ಮಾಲೀಕರ ಬೀರುವಲ್ಲಿಡಿ. ಬಳಸಿದ ದಿನವೇ ಬದಲಾಯಿಸಿ. ಸೆಟ್ಟಿಂಗ್ ಮಾಡುವಾಗ ತೆರೆದಿರೋ ಕಿಟಕಿ ಮುಚ್ಚಬೇಡಿ. ಇನ್ನೊಂದರಲ್ಲಿ ಲಾಗಿನ್ ಆಗಿ ನೋಡಿ, ಆಮೇಲೆ ಸೇವ್ ಮಾಡಿ.

ರೇಡಿಯಸ್ ಹಳೇದು, ದೋಷವೂ ಇದೆ. 2024ರ ಜುಲೈನಲ್ಲಿ 'ಬ್ಲಾಸ್ಟ್-ರೇಡಿಯಸ್' ಅನ್ನೋ ದೋಷ ಹೊರಬಂತು. ದಾರೀಲಿ ಕೂತವರು ಸರ್ವರ್‌ನ 'ಬೇಡ'ವನ್ನ 'ಸರಿ' ಅಂತ ತಿರುಚಬಹುದಿತ್ತು. ಹಾಗಾಗಿ ಸ್ವಿಚ್, ಸರ್ವರ್ ಎರಡನ್ನೂ ಅಪ್‌ಡೇಟ್ ಮಾಡಿ, 'ಮೆಸೇಜ್-ಅಥೆಂಟಿಕೇಟರ್' ಕಡ್ಡಾಯ ಮಾಡಿ.

ಇದು ಕಾನೂನಿನ ಮಾತೂ ಹೌದು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನ 180 ದಿನ ಇಟ್ಟಿರಬೇಕು, ಸೈಬರ್ ಘಟನೆಯನ್ನ 6 ಗಂಟೆಯೊಳಗೆ ತಿಳಿಸಬೇಕು. ಲಾಗ್ ತುಂಬ ಬರೀ 'ಅಡ್ಮಿನ್' ಅಂತಿದ್ರೆ ಏನು ಹೇಳ್ತೀರಾ?

ಆಗ ಬೆರಳು ತೋರಿಸೋದು ಯಾರ ಕಡೆ? ಗುತ್ತಿಗೆ ಮೇಲಿರೋ, ಎಲ್ಲರಿಗಿಂತ ಚಿಕ್ಕ ಹುಡುಗನ ಕಡೆ. ಅವನ ಹೆಸರಲ್ಲೇ ಲಾಗಿನ್ ಇದ್ರೆ, 'ಆ ಹೊತ್ತಲ್ಲಿ ನಾನು ಲಾಗಿನ್ ಆಗಿಲ್ಲ ಸರ್' ಅನ್ನೋಕೆ ಅವನ ಕೈಯಲ್ಲೊಂದು ದಾಖಲೆ ಇರುತ್ತೆ. ಈ ವಾರ ನಿಮ್ಮ ಆಫೀಸಲ್ಲಿ ಎಷ್ಟು ಜನಕ್ಕೆ ಪಾಸ್‌ವರ್ಡ್ ಗೊತ್ತು ಅಂತ ಎಣಿಸಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.